ಕ್ಲಬ್ ಬೈಕ್ ರೇಸ್ ಸರಣಿ ಕಟ್ಟುವವರಿಗೆ: ನಿಯಮವೂ ಖರ್ಚೂ ಒಂದೇ ಲೆಕ್ಕ

ಬೆಂಗಳೂರು, ಮೈಸೂರು, ತುಮಕೂರು ಕಡೆಯ ರೈಡರ್‌ಗಳು ಡಾಂಬರು ಟ್ರ್ಯಾಕ್‌ ಮೇಲೆ ರೇಸ್ ಮಾಡಬೇಕೆಂದರೆ ಸಾಮಾನ್ಯವಾಗಿ ತಮಿಳುನಾಡಿನ ದಾರಿ ಹಿಡಿಯಬೇಕು. ಒಂದೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ, ಸುತ್ತು ಸುಮಾರು 3.7 ಕಿ.ಮೀ. ಇಲ್ಲವೇ ಕೊಯಮತ್ತೂರು ಪಕ್ಕದ ಚೆಟ್ಟಿಪಾಳಯಂನಲ್ಲಿ ಕರಿವರ್ಧನ್ ಅವರ ಹೆಸರು ಹೊತ್ತ ಕರಿ ಮೋಟರ್ ಸ್ಪೀಡ್‌ವೇ, ಸುತ್ತು ಸುಮಾರು 2.1 ಕಿ.ಮೀ. ಟಿವಿಎಸ್ 1994ರಿಂದ ನಡೆಸುತ್ತಿರುವಂಥ ಒನ್‌ಮೇಕ್ (ಎಲ್ಲರಿಗೂ ಒಂದೇ ಕಂಪನಿಯ ಬೈಕ್) ಸರಣಿಗಳಲ್ಲಿ ಬೈಕ್ ಕಂಪನಿಯದು, ರೈಡರ್ ಹೆಲ್ಮೆಟ್ ಹಿಡಿದು ಬಂದರೆ ಸಾಕು. ಕ್ಲಬ್ ಸರಣಿ ಹಾಗಲ್ಲ. ಬೈಕ್ ಅವರದೇ, ಟೈರ್ ಅವರದೇ, ಬಿದ್ದು ಮುರಿದ ಲಿವರ್ ಕೂಡ ಅವರದೇ. ಹಾಗಾಗಿ ನಿಯಮ ಪುಸ್ತಕದಲ್ಲಿ ನೀವು ಬರೆಯುವ ಒಂದೊಂದು ಸಾಲೂ ಯಾರದೋ ಸಂಬಳದಿಂದ ಕಟ್ಟುವ ಬಿಲ್. ಬರೆಯುವವರಿಗೆ ಇದು ಮೊದಲ ದಿನದಿಂದ ನೆನಪಿರಬೇಕು.

ಮೊದಲು ಮೇಲ್ಮಿತಿ, ಆಮೇಲೆ ನಿಯಮ

ಹೆಚ್ಚಿನವರು ಕ್ಲಾಸ್, ಟೈರ್, ಎಂಜಿನ್ ಎಂದು ನಿಯಮ ಬರೆದು ಮುಗಿಸಿ, ಕೊನೆಗೆ ಖರ್ಚು ಎಷ್ಟಾಯಿತೆಂದು ಕೂಡುತ್ತಾರೆ. ಇದನ್ನು ತಿರುವಿ ಹಾಕಬೇಕು. ನಿಮ್ಮ ರೈಡರ್ ವರ್ಷಕ್ಕೆ ಎಷ್ಟು ಖರ್ಚು ಮಾಡಬಲ್ಲರು ಎಂಬುದೇ ಮೊದಲ ಪ್ರಶ್ನೆ. ಕೆಳಗಿನ ಅಂಕಿಗಳೆಲ್ಲ ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಟ್ರ್ಯಾಕ್‌ನವರಿಂದ ಲಿಖಿತ ಕೊಟೇಶನ್ ತರಿಸಿ ಅದೇ ಜಾಗದಲ್ಲಿ ನಿಮ್ಮ ಅಂಕಿ ಕೂರಿಸಿಕೊಳ್ಳಿ.

ನಾಲ್ಕು ಸುತ್ತಿನ, ಅಂದರೆ ನಾಲ್ಕು ರೇಸ್ ದಿನಗಳ ಸೀಸನ್, ಬೈಕ್ ಮತ್ತು ಲೆದರ್ ಸೂಟ್ ಬಿಟ್ಟು ಒಬ್ಬ ರೈಡರ್‌ಗೆ 1,20,000 ರೂಪಾಯಿ ಮೇಲ್ಮಿತಿ ಅಂತಿಟ್ಟುಕೊಳ್ಳಿ. ಎಂಟ್ರಿ ಫೀ ಸುತ್ತಿಗೆ 13,000 ಎಂದರೆ ನಾಲ್ಕಕ್ಕೆ 52,000. ಉಳಿದದ್ದು 68,000, ಅಂದರೆ ಸುತ್ತಿಗೆ 17,000. ಟೈರ್, ಬ್ರೇಕ್ ಪ್ಯಾಡ್, ಪೆಟ್ರೋಲ್, ಬೈಕ್ ಸಾಗಿಸುವ ಪಿಕಪ್, ರಾತ್ರಿ ತಂಗುವುದು, ಬಿದ್ದರೆ ಆಗುವ ರಿಪೇರಿ ಎಲ್ಲವೂ ಈ 17,000ದೊಳಗೆ ಮುಗಿಯಬೇಕು. ಯಾರಾದರೂ ಹೊಸ ನಿಯಮ ಸೂಚಿಸಿದಾಗ ಅದನ್ನು ಈ 17,000ದ ಪಕ್ಕದಲ್ಲಿಟ್ಟು ನೋಡಿ. ‘ರೇಸ್ ಇಸಿಯುಗೆ ಅವಕಾಶ ಕೊಡೋಣ’ ಎಂದು ಹೇಳುವುದು ಸುಲಭ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು, ಅದರ ಸೆಟ್ಟಿಂಗ್ ತಿದ್ದುವ ಮ್ಯಾಪಿಂಗ್, ಶಕ್ತಿ ಅಳೆಯುವ ಡೈನೊ ಯಂತ್ರದ ಬಾಡಿಗೆ ಸೇರಿದರೆ ಒಂದು ಸುತ್ತಿನ ದುಡ್ಡು ಒಂದೇ ಏಟಿಗೆ ಖಾಲಿ. ಒಬ್ಬರು ಹಾಕಿಸಿದರೆ ಉಳಿದವರೂ ಹಾಕಿಸಬೇಕು. ಎಲ್ಲರೂ ಹಾಕಿಸಿದ ಮೇಲೆ ಯಾರಿಗೂ ಲಾಭವಿಲ್ಲ, ಎಲ್ಲರ ಜೇಬೂ ಹಗುರ.

ರೇಸ್ ದಿನದ ಲೆಕ್ಕ

ಒಂದು ದಿನದ ಸುತ್ತಿಗೆ ಸ್ಥಿರ ಖರ್ಚು ಹೀಗೆ ಕೂಡುತ್ತದೆ:

ಟ್ರ್ಯಾಕ್ ಬಾಡಿಗೆ, ಜಿಎಸ್‌ಟಿ ಸೇರಿ: 1,50,000
ಪರ್ಮಿಟ್ ಮತ್ತು ವಿಮೆ: 40,000
ಎರಡು ಆಂಬ್ಯುಲೆನ್ಸ್, ಒಬ್ಬ ವೈದ್ಯರು: 35,000
30 ಮಾರ್ಷಲ್‌ಗಳ (ಟ್ರ್ಯಾಕ್ ಕಾಯುವ ಸಿಬ್ಬಂದಿ) ಭತ್ಯೆ ಮತ್ತು ಊಟ, ತಲಾ 1,300: 39,000
ಟೈಮಿಂಗ್ ತಂಡ: 30,000
ಟ್ರೋಫಿ, ಮುದ್ರಣ, ಸ್ಕ್ರೂಟಿನಿ (ಬೈಕ್ ತಪಾಸಣೆ) ಸಾಮಾನು: 20,000
ರಿಕವರಿ ಗಾಡಿ, ವಾಕಿಟಾಕಿ: 16,000
ಆಕಸ್ಮಿಕಕ್ಕೆ ಶೇ 10: 33,000
ಒಟ್ಟು: 3,63,000

ಇದರ ಮೇಲೆ ಪ್ರತಿ ರೈಡರ್‌ಗೆ ಟ್ರಾನ್ಸ್‌ಪಾಂಡರ್ (ಲ್ಯಾಪ್ ಸಮಯ ಅಳೆಯಲು ಬೈಕಿಗೆ ಕಟ್ಟುವ ಸಾಧನ) ಬಾಡಿಗೆ ಮತ್ತು ಊಟಕ್ಕೆ 900 ಎನ್ನೋಣ. ವಾಟ್ಸಾಪ್ ಗುಂಪಿನಲ್ಲಿ ‘ನಾನು ಬರ್ತೀನಿ’ ಎಂದವರು 40 ಜನ. 40ರಿಂದ ಭಾಗಿಸಿದರೆ ತಲಾ 9,975 ಬರುತ್ತದೆ. ಅದನ್ನೇ 10,000 ಮಾಡಿ ಫೀ ಎಂದು ಘೋಷಿಸಿಬಿಡುವುದು ಹೊಸ ಕ್ಲಬ್‌ಗಳು ಮುಗ್ಗರಿಸುವ ಜಾಗ. ದಿನ ಹತ್ತಿರ ಬಂದಾಗ ಒಬ್ಬರಿಗೆ ರಜೆ ಸಿಗುವುದಿಲ್ಲ, ಇನ್ನೊಬ್ಬರ ಬೈಕ್ ತಯಾರಾಗಿಲ್ಲ, ಮತ್ತೊಬ್ಬರ ಮನೆಯಲ್ಲಿ ಮದುವೆ. 24 ಜನ ಬಂದರೆ ಆದಾಯ 2,40,000, ಖರ್ಚು 3,84,600. ಕೊರತೆ 1,44,600. ಅದು ಸಂಘಟಕರ ತಲೆಯ ಮೇಲೆ. ಎರಡನೇ ಸುತ್ತು ನಡೆಯುವುದೇ ಇಲ್ಲ.

ಫೀಯನ್ನು 30 ಜನರ ಮೇಲೆ ಕಟ್ಟಿ: 12,100 ಮತ್ತು 900, ಒಟ್ಟು 13,000. ಆಗಲೂ 24 ಜನ ಬಂದರೆ 72,600 ಕೊರತೆ ಬೀಳುತ್ತದೆ. 40 ಜನ ಬಂದರೆ 1,21,000 ಉಳಿಯುತ್ತದೆ. ಉಳಿದ ದುಡ್ಡನ್ನು ದೊಡ್ಡ ಟ್ರೋಫಿಗೆ, ಬ್ಯಾನರ್‌ಗೆ ಹಾಕಬೇಡಿ. ಒಂದು ಬಡಕಲು ಸುತ್ತಿನ ಕೊರತೆ ತುಂಬುವಷ್ಟು ನಿಧಿ ಆಗುವವರೆಗೆ ಬ್ಯಾಂಕಿನಲ್ಲೇ ಇರಲಿ. ಆಮೇಲೆ ಬಂದದ್ದು ಮುಂದಿನ ಸುತ್ತಿನ ಫೀ ಇಳಿಸಲು.

ಎರಡನೇ ಕ್ಲಾಸ್‌ನಲ್ಲೂ ಓಡಿಸುವವರಿಗೆ ಹೆಚ್ಚುವರಿ ಎಂಟ್ರಿ 4,000ಕ್ಕೆ ಕೊಡಿ. ಸ್ಥಿರ ಖರ್ಚು ಮೊದಲ ಎಂಟ್ರಿಯಲ್ಲೇ ಬಂದಿರುವುದರಿಂದ ಇದು ಕ್ಲಬ್‌ಗೆ ಹೆಚ್ಚುಕಡಿಮೆ ಪೂರ್ತಿ ಲಾಭ, ರೈಡರ್‌ಗೆ ಇನ್ನೆರಡು ರೇಸ್ ಅಗ್ಗದಲ್ಲಿ, ಗ್ರಿಡ್ಡೂ (ರೇಸ್ ಶುರುವಿಗೆ ಬೈಕ್‌ಗಳು ನಿಲ್ಲುವ ಸಾಲು) ತುಂಬುತ್ತದೆ.

ದುಡ್ಡು ವಾಪಸ್ ಕೊಡುವ ನಿಯಮ ಮೊದಲೇ ಬರೆದಿರಬೇಕು. 14 ದಿನ ಮುಂಚೆ ಹೇಳಿದರೆ ಪೂರ್ತಿ, 7 ದಿನ ಮುಂಚೆ ಅರ್ಧ, ಆಮೇಲೆ ಇಲ್ಲ. ಗಾಯಗೊಂಡವರಿಗೆ ವೈದ್ಯರ ಚೀಟಿ ಇದ್ದರೆ ಮುಂದಿನ ಸುತ್ತಿಗೆ ಜಮಾ. ಇದು ಬರವಣಿಗೆಯಲ್ಲಿ ಇಲ್ಲದಿದ್ದರೆ ಒಬ್ಬೊಬ್ಬರ ಜೊತೆ ಒಂದೊಂದು ಮಾತು ಆಗುತ್ತದೆ, ಕ್ಲಬ್ ಒಡೆಯುವುದು ಅಲ್ಲಿಂದಲೇ.

ಆಂಬ್ಯುಲೆನ್ಸ್ ಎರಡು ಏಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದೇ ಇದ್ದು ಅದು ಗಾಯಾಳುವನ್ನು ಹತ್ತಿಸಿಕೊಂಡು ಆಸ್ಪತ್ರೆಗೆ ಹೊರಟರೆ, ಅದು ವಾಪಸ್ ಬರುವವರೆಗೆ ಟ್ರ್ಯಾಕ್ ಮೇಲೆ ಒಂದು ಚಕ್ರವೂ ಉರುಳುವಂತಿಲ್ಲ. ಈ ಸಾಲಿನಲ್ಲಿ ಚೌಕಾಸಿ ಮಾಡಬೇಡಿ. ಮಾರ್ಷಲ್ 30 ಎಂಬುದೂ ಗಾಳಿಯಲ್ಲಿ ಹಿಡಿದ ಸಂಖ್ಯೆಯಲ್ಲ: 10 ಪೋಸ್ಟ್‌ಗೆ ಇಬ್ಬಿಬ್ಬರಂತೆ 20, ಪಿಟ್ ಲೇನ್‌ಗೆ 4, ಗ್ರಿಡ್‌ಗೆ 4, ಬದಲಿಗೆ 2. ಪೋಸ್ಟ್‌ನಲ್ಲಿ ಒಬ್ಬರೇ ಇದ್ದರೆ ಬಿದ್ದ ಬೈಕ್ ಎತ್ತಲು ಓಡಿದಾಗ ಹಳದಿ ಬಾವುಟ ಬೀಸುವವರು ಇರುವುದಿಲ್ಲ.

ಕಾಗದಪತ್ರ

ಕ್ಲಬ್ಬನ್ನು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ನೋಂದಾಯಿಸಿ, ಕ್ಲಬ್ ಹೆಸರಲ್ಲೇ ಪ್ಯಾನ್ ಮತ್ತು ಬ್ಯಾಂಕ್ ಖಾತೆ ತೆರೆಯಿರಿ. ಕಾರ್ಯದರ್ಶಿಯ ಫೋನ್‌ಪೇಗೆ ಫೀ ಹಾಕಿಸಿಕೊಳ್ಳುವುದು ಬೇಡವೇ ಬೇಡ. ದೇಶದಲ್ಲಿ ಮೋಟರ್ ಸ್ಪೋರ್ಟ್‌ನ ಫೆಡರೇಶನ್ ಎಫ್‌ಎಂಎಸ್‌ಸಿಐ. ಪರ್ಮಿಟ್ ಅವರಿಂದ, ರೈಡರ್‌ಗಳ ಕಾಂಪಿಟಿಶನ್ ಲೈಸೆನ್ಸೂ ಅವರಿಂದ. ನಿಮ್ಮ ಪೂರಕ ನಿಯಮಾವಳಿಯನ್ನು ಸಾಕಷ್ಟು ಮುಂಚೆ ಕಳಿಸಿ, ಒಪ್ಪಿಗೆ ಬಂದ ಮೇಲೆಯೇ ಎಂಟ್ರಿ ತೆರೆಯಿರಿ.

ರೈಡರ್‌ಗಳಿಗೆ ಒಂದು ವಿಷಯ ಬಿಡಿಸಿ ಹೇಳಲೇಬೇಕು: ಬೈಕಿನ ಸಾಮಾನ್ಯ ವಿಮೆ ರೇಸಿಂಗ್‌ನಲ್ಲಿ ಆದ ಹಾನಿಗೆ ಬರುವುದಿಲ್ಲ. ಸ್ವಂತ ಅಪಘಾತ ಪಾಲಿಸಿಗಳಲ್ಲೂ ರೇಸಿಂಗ್ ಹೊರಗಿಟ್ಟಿರುವುದೇ ಹೆಚ್ಚು. ಕ್ಲಬ್ ಮಾಡಿಸಿದ ವಿಮೆ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಸಹಿ ಹಾಕಿಸಿಕೊಳ್ಳುವ ಹೊತ್ತಿಗೇ ಕೈಗೆ ಕೊಡಿ. ಹದಿನೆಂಟು ತುಂಬದವರಿಗೆ ತಂದೆ ತಾಯಿಯ ಸಹಿ ಬೇಕು.

ಕ್ಲಾಸ್‌ಗಳು: ಮೂರಕ್ಕಿಂತ ಹೆಚ್ಚು ಬೇಡ

ಆರಂಭದ ವರ್ಷ ಎಲ್ಲರಿಗೂ ಒಂದೊಂದು ಕ್ಲಾಸ್ ಕೊಡುವ ಆಸೆ ಹುಟ್ಟುತ್ತದೆ. ಆರು ಕ್ಲಾಸ್ ಮಾಡಿದರೆ ಕ್ಲಾಸಿಗೆ ಐದು ಬೈಕ್. ಮೂವರು ಟ್ರೋಫಿ ತೆಗೆದುಕೊಳ್ಳುತ್ತಾರೆ, ಯಾರಿಗೂ ರೇಸ್ ಮಾಡಿದ ತೃಪ್ತಿ ಇರುವುದಿಲ್ಲ. 155 ಸಿಸಿ ದರ್ಜೆಯ ಸ್ಟಾಕ್ (ಎಂಜಿನ್ ಕಂಪನಿಯಿಂದ ಬಂದಂತೆಯೇ ಇರುವ ಬೈಕ್), 200 ಸಿಸಿವರೆಗಿನ ಸ್ಟಾಕ್, ಹೊಸಬರಿಗೆ ಸಮಯಮಿತಿ ಕ್ಲಾಸ್. ಇಷ್ಟು ಸಾಕು.

ಸಿಸಿ ಮಿತಿ ಬರೆಯುವಾಗ ಬೋರ್ (ಸಿಲಿಂಡರ್‌ನ ವ್ಯಾಸ) ಮತ್ತು ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ನೋಡಿಯೇ ಬರೆಯಿರಿ. ಸೂತ್ರ: 0.7854 × ಬೋರ್ × ಬೋರ್ × ಸ್ಟ್ರೋಕ್, ಸೆಂಟಿಮೀಟರ್‌ನಲ್ಲಿ. ಯಮಹಾ ಆರ್15 ಹಳೆಯದು 57 × 58.7 ಮಿ.ಮೀ., 149.8 ಸಿಸಿ. ವಿ3 ಬಂದಾಗ ಬೋರ್ 58 ಆಯಿತು, 155.1 ಸಿಸಿ. ‘155 ಸಿಸಿ ಮೀರಬಾರದು’ ಎಂದು ಬರೆದರೆ ನಿಮ್ಮ ಗ್ರಿಡ್‌ನ ಅರ್ಧ ಬೈಕ್ ಕಾಗದದ ಮೇಲೆ ಅನರ್ಹ! 156 ಎಂದು ಬರೆಯಿರಿ. ಪಲ್ಸರ್ ಎನ್ಎಸ್200 72 × 49, 199.5 ಸಿಸಿ. ಅಪಾಚೆ ಆರ್‌ಟಿಆರ್ 200 4ವಿ 197.75 ಸಿಸಿ. ಆರ್15ರ ಸಿಲಿಂಡರ್ ಡಯಾಸಿಲ್ ಎಂಬ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹದ್ದು, ರೀಬೋರ್ (ಸವೆದ ಸಿಲಿಂಡರ್ ಕೊರೆದು ಅಗಲಿಸುವುದು) ಆಗುವುದೇ ಇಲ್ಲ, ಸವೆದರೆ ಬ್ಲಾಕ್ ಬದಲು. ಹಾಗಾಗಿ ಓವರ್‌ಸೈಜ್ ಪಿಸ್ಟನ್ ನಿಷೇಧಿಸಿದರೆ ಅವರಿಗೆ ನಷ್ಟವಿಲ್ಲ. ಆದರೆ ಮುಂದೊಂದು ದಿನ ಆರ್‌ಎಕ್ಸ್ 100 ಕ್ಲಾಸ್ ತೆರೆಯುತ್ತೀರಾದರೆ (ಕರ್ನಾಟಕದಲ್ಲಿ ಆ ಬೇಡಿಕೆ ಬಂದೇ ಬರುತ್ತದೆ) ಅದೇ ನಿಯಮ ಅಲ್ಲಿ ಅನ್ಯಾಯ. 50 × 50ರ ಆ ಎಂಜಿನ್ 98.2 ಸಿಸಿ. ಇಷ್ಟು ವರ್ಷ ಓಡಿದ ಬ್ಲಾಕ್‌ಗಳು ರೀಬೋರ್ ಆಗದೆ ಉಳಿದಿರುವುದು ಅಪರೂಪ. 51 ಮಿ.ಮೀ.ಗೆ ಹೋದರೆ 102.1 ಸಿಸಿ. ಮಿತಿ 103 ಎಂದಿಡಿ.

ಸಮಯಮಿತಿ ಕ್ಲಾಸ್‌ನಲ್ಲಿ ಎಂಜಿನ್ ತಪಾಸಣೆಯೇ ಬೇಕಿಲ್ಲ, ಆದ್ದರಿಂದ ಅದೇ ಎಲ್ಲಕ್ಕಿಂತ ಅಗ್ಗ. ಮೊದಲ ಅಭ್ಯಾಸದ ದಿನದ ಲ್ಯಾಪ್ ಸಮಯಗಳನ್ನು ಸಾಲಾಗಿ ಬರೆದು, ನಿಧಾನದ ಅರ್ಧದವರಲ್ಲಿ ಎಲ್ಲರಿಗಿಂತ ವೇಗದವರ ಸಮಯವನ್ನೇ ಮಿತಿ ಮಾಡಿ. ರೇಸ್‌ನಲ್ಲಿ ಒಂದು ಲ್ಯಾಪ್ ಮಿತಿಗಿಂತ ವೇಗವಾದರೆ ಎಚ್ಚರಿಕೆ, ಎರಡಾದರೆ ಆ ರೇಸ್‌ನ ಅಂಕವಿಲ್ಲ, ಮುಂದಿನ ಸುತ್ತಿಗೆ ಮೇಲಿನ ಕ್ಲಾಸ್. ಇಲ್ಲಿ ಬರುವ ತೊಂದರೆ ಒಂದೇ: ಮಿತಿ ದಾಟಬಾರದೆಂದು ಫಿನಿಶ್ ಗೆರೆಯ ಮುಂದೆ ದಿಢೀರನೆ ಥ್ರಾಟಲ್ ಮುಚ್ಚುವವರು. ಹಿಂದಿನವರು ಬಂದು ಗುದ್ದುತ್ತಾರೆ. ಕೊನೆಯ ತಿರುವಿನಿಂದ ಗೆರೆಯವರೆಗೆ ಕಾರಣವಿಲ್ಲದೆ ನಿಧಾನ ಮಾಡಿದರೆ ನೇರ ಅನರ್ಹತೆ ಎಂದು ಬರೆಯಿರಿ.

ಪರೀಕ್ಷಿಸಲಾಗದ್ದನ್ನು ಬರೆಯಬೇಡಿ

ನಿಮ್ಮ ಸ್ಕ್ರೂಟಿನಿ ಮೇಜಿನ ಮೇಲೆ ಇರುವ ಸಾಮಾನಿನಿಂದ, ಹತ್ತು ನಿಮಿಷದಲ್ಲಿ, ಒಬ್ಬ ಮೆಕ್ಯಾನಿಕ್ ಪರೀಕ್ಷಿಸಲು ಆಗದ ನಿಯಮ ಪುಸ್ತಕದಲ್ಲಿ ಇರಬಾರದು. ‘ಪೋರ್ಟಿಂಗ್ ಮಾಡಿರಬಾರದು’ (ಹೆಡ್ ಒಳಗಿನ ಗಾಳಿಯ ದಾರಿ ತೇಯಿಸಿ ಅಗಲಿಸಿರಬಾರದು) ಎಂದು ಬರೆದು, ಹೆಡ್ ಬಿಚ್ಚಿ ನೋಡಲು ನಿಮ್ಮಲ್ಲಿ ಯಾರೂ ಇಲ್ಲದಿದ್ದರೆ, ನಿಯತ್ತಿನವರು ಪಾಲಿಸುತ್ತಾರೆ, ಉಳಿದವರು ಗೆಲ್ಲುತ್ತಾರೆ.

ಸ್ಟಾಕ್ ಎಂಜಿನ್‌ನಲ್ಲಿ ಮೋಸ ನಡೆಯುವ ಜಾಗಗಳು ಕೆಲವೇ. ಹೆಡ್ ತೇಯಿಸಿ ಕಂಪ್ರೆಷನ್ ಏರಿಸುವುದು, ವಾಲ್ವ್ ತೆರೆಯುವ ಕ್ಯಾಮ್ ಬದಲು, ದೊಡ್ಡ ಪಿಸ್ಟನ್, ಇಸಿಯು ಮ್ಯಾಪ್. ಕಂಪ್ರೆಷನ್‌ಗೆ ಸ್ಪಾರ್ಕ್ ಪ್ಲಗ್ ತೂತಿಗೆ ಹಾಕುವ ಗೇಜ್ ಸಾಕು. ಎಂಜಿನ್ ಬಿಸಿಯಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು, ಬ್ಯಾಟರಿ ಚಾರ್ಜ್ ಇರಬೇಕು, ಸೂಜಿ ಏರುವುದು ನಿಲ್ಲುವವರೆಗೆ ಸೆಲ್ಫ್ ಒತ್ತಬೇಕು. ಅದೇ ಗೇಜ್‌ನಿಂದ ಆ ಮಾಡೆಲ್‌ನ ಐದಾರು ಮುಟ್ಟದ ಬೈಕ್‌ಗಳನ್ನು ಅಳೆದು ಮಿತಿ ಗೊತ್ತು ಮಾಡಿ. ಒಂದು ಗೇಜ್‌ನ ಓದು ಇನ್ನೊಂದಕ್ಕೆ ತಾಳೆಯಾಗುವುದಿಲ್ಲ, ಸೀಸನ್ ಪೂರ್ತಿ ಒಂದೇ ಗೇಜ್ ಇರಲಿ. ಕ್ಯಾಮ್‌ಗೆ ಡಯಲ್ ಗೇಜ್, ಬೋರ್‌ಗೆ ವರ್ನಿಯರ್ ಮತ್ತು ಲೇತ್ ಅಂಗಡಿಯಲ್ಲಿ ಸಿಗುವ ಬೋರ್ ಗೇಜ್. ಮೊದಲ ಸುತ್ತಿನಲ್ಲೇ ಹೆಡ್ ಕವರ್ ಮತ್ತು ಕ್ಲಚ್ ಕವರ್‌ನ ಎರಡೆರಡು ಬೋಲ್ಟ್‌ಗಳಿಗೆ ತಂತಿ ಪೋಣಿಸಿ ನಂಬರ್ ಇರುವ ಸೀಲ್ ಹಾಕಿದರೆ ವರ್ಷವಿಡೀ ಮತ್ತೆ ಬಿಚ್ಚುವ ಅಗತ್ಯ ಬೀಳುವುದಿಲ್ಲ.

ಇಸಿಯುಗೆ ಅಗ್ಗದ ಮದ್ದು ಅದಲುಬದಲು. ಒಂದೇ ಮಾಡೆಲ್‌ನ ಬೈಕ್‌ಗಳ ಇಸಿಯುಗಳನ್ನು ಕ್ವಾಲಿಫೈಯಿಂಗ್ ನಂತರ ಚೀಟಿ ಎತ್ತಿ ಬದಲಿಸುವ ಹಕ್ಕು ಸಂಘಟಕರಿಗಿದೆ ಎಂದು ಬರೆಯಿರಿ. ತನ್ನ ದುಬಾರಿ ಮ್ಯಾಪ್ ನಾಳೆ ಪಕ್ಕದವರ ಬೈಕಿನಲ್ಲಿ ಓಡಬಹುದು ಎಂದಾದರೆ ಯಾರೂ ಮ್ಯಾಪ್‌ಗೆ ದುಡ್ಡು ಹಾಕುವುದಿಲ್ಲ. ಹಿಂದಿನ ಶಾಕ್‌ಗೆ ಕ್ಲೈಮ್ ನಿಯಮ ಸರಿಹೊಂದುತ್ತದೆ: ಗೆದ್ದವರಷ್ಟೇ ಲ್ಯಾಪ್ ಮುಗಿಸಿದ ಯಾವ ರೈಡರ್ ಬೇಕಾದರೂ ಅವರ ಶಾಕನ್ನು 8,000ಕ್ಕೆ ಕೊಳ್ಳಬಹುದು, ಕೊಡಲೊಪ್ಪದಿದ್ದರೆ ಆ ದಿನದ ಅಂಕ ಹೋಯಿತು. ಸೀಸನ್‌ಗೆ ಒಬ್ಬರಿಗೆ ಒಂದೇ ಕ್ಲೈಮ್ ಇರಲಿ. ಇಲ್ಲದಿದ್ದರೆ ಗುಂಪು ಕಟ್ಟಿಕೊಂಡು ಒಬ್ಬರನ್ನೇ ಗೋಳುಹೊಯ್ದುಕೊಳ್ಳುವ ಚಟವಾಗುತ್ತದೆ.

ನಿಯಮದ ಮೊದಲ ವಾಕ್ಯ ಇದಿರಲಿ: ಇಲ್ಲಿ ಅನುಮತಿ ಎಂದು ಬರೆಯದ ಬದಲಾವಣೆ ಎಲ್ಲವೂ ನಿಷಿದ್ಧ. ಆಮೇಲೆ ಅನುಮತಿಯ ಪಟ್ಟಿ ಚಿಕ್ಕದು: ಸ್ಪ್ರಾಕೆಟ್, ಬ್ರೇಕ್ ಪ್ಯಾಡ್, ಬ್ರೇಕ್ ಹೋಸ್, ಲಿವರ್, ಕ್ಲಿಪ್ಆನ್ ಹ್ಯಾಂಡಲ್, ಫುಟ್‌ರೆಸ್ಟ್, ಫೈಬರ್ ಫೇರಿಂಗ್, ಫೋರ್ಕ್ ಆಯಿಲ್.

ಟೈರ್‌ನಲ್ಲಿ ದುಡ್ಡು ಸುರಿಯದಂತೆ ತಡೆಯುವುದು ಬೇರೆಲ್ಲಕ್ಕಿಂತ ಮುಖ್ಯ. ಒಂದೇ ಬ್ರ್ಯಾಂಡ್, ಒಂದೇ ಪ್ಯಾಟರ್ನ್, ಪೇಟೆಯಲ್ಲಿ ಸಿಗುವ ರಸ್ತೆ ಟೈರ್, ಬೈಕಿನ ಮೂಲ ಅಳತೆಯಲ್ಲಿ. ಎನ್ಎಸ್200 ಹಿಂದೆ 130/70, ಆರ್15 ವಿ3 ಹಿಂದೆ 140/70, ಎರಡೂ 17 ಇಂಚು. ಎಲ್ಲರಿಗೂ ಒಂದೇ ಅಳತೆ ಎಂದು ಹಟ ಹಿಡಿಯಬೇಡಿ, ರಿಮ್ ಅಗಲ ಬೇರೆ ಬೇರೆ. ಎರಡು ಸುತ್ತಿಗೆ ಒಂದು ಜೊತೆ. ಸ್ಕ್ರೂಟಿನಿಯಲ್ಲಿ ಟೈರಿನ ಪಕ್ಕಕ್ಕೆ ರೈಡರ್ ನಂಬರ್ ಮತ್ತು ಕ್ಲಬ್ ಗುರುತನ್ನು ಬಣ್ಣದ ಪೆನ್ನಿನಿಂದ ಬರೆದು ಫೋಟೊ ತೆಗೆದಿಡಿ. ಪಂಕ್ಚರ್ ಆದರೆ ಮಾತ್ರ ಬದಲು, ತೂತಾದ ಟೈರ್ ಒಪ್ಪಿಸಿದ ಮೇಲೆ. ಟೈರ್ ವಾರ್ಮರ್ (ಟೈರ್ ಬಿಸಿ ಮಾಡುವ ವಿದ್ಯುತ್ ಹೊದಿಕೆ) ನಿಷೇಧಿಸಿ. ವಾರ್ಮರ್ ಬಂದರೆ ಜನರೇಟರ್ ಬರುತ್ತದೆ, ಜನರೇಟರ್ ಬಂದರೆ ಅದನ್ನು ಹೊರುವ ದೊಡ್ಡ ಗಾಡಿ ಬರುತ್ತದೆ.

ಸುರಕ್ಷತೆಯ ಪಟ್ಟಿ, ಅದರಲ್ಲೂ ತಂತಿ

ಕಳಚಬೇಕಾದವು: ಕನ್ನಡಿ, ಇಂಡಿಕೇಟರ್, ಹೆಡ್‌ಲೈಟ್, ಸೈಡ್ ಸ್ಟ್ಯಾಂಡ್, ಸೆಂಟರ್ ಸ್ಟ್ಯಾಂಡ್, ಸೀರೆ ಗಾರ್ಡ್, ಹಿಂದಿನ ಹಿಡಿಕೆ, ಲೆಗ್ ಗಾರ್ಡ್. ಸೇರಿಸಬೇಕಾದವು: ಹಿಂದಿನ ಸ್ಪ್ರಾಕೆಟ್‌ಗೆ ಚೈನ್ ಸೇರುವ ಜಾಗದಲ್ಲಿ ಕೈಕಾಲು ಸಿಕ್ಕಿಕೊಳ್ಳದಂತೆ ಕೆಳಗಡೆ ರೆಕ್ಕೆಯಂಥ ಗಾರ್ಡ್, ಎಂಜಿನ್ ಬ್ರೀದರ್‌ಗೆ (ಒಳಗಿನ ಆವಿ ಹೊರಬಿಡುವ ಕೊಳವೆ) 500 ಸಿಸಿಯ ಡಬ್ಬಿ, ಎಂಜಿನ್ ಕೆಳಗೆ ಆಯಿಲ್ ಹಿಡಿಯುವ ಬೆಲ್ಲಿ ಪ್ಯಾನ್. ಎಂಜಿನ್ ಒಡೆದರೆ ಆಯಿಲ್ ಮತ್ತು ಕೂಲಂಟ್‌ನ ಒಟ್ಟು ಪ್ರಮಾಣದ ಅರ್ಧವಾದರೂ ಅದರಲ್ಲಿ ನಿಲ್ಲಬೇಕು. ಪ್ಯಾನ್‌ಗೆ ನೀರು ಸುರಿದು ಅಳೆಯಿರಿ, ಕಣ್ಣಂದಾಜು ಬೇಡ. ಮಳೆನೀರು ಹೋಗಲು ಇರುವ 25 ಮಿ.ಮೀ. ತೂತಿಗೆ ಒಣ ದಿನ ಬಿರಟೆ ಹಾಕಿರಬೇಕು. ಲಿವರ್ ತುದಿಯ ಗುಂಡು 16 ಮಿ.ಮೀ.ಗಿಂತ ಸಣ್ಣದಿರಬಾರದು. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಟ್ಯಾಂಕ್‌ಗೂ ಹ್ಯಾಂಡಲ್‌ಗೂ ನಡುವೆ 30 ಮಿ.ಮೀ. ಜಾಗ ಬೇಕು, ಇಲ್ಲದಿದ್ದರೆ ಬಿದ್ದಾಗ ಹೆಬ್ಬೆರಳು ಹೋಗುತ್ತದೆ. ರೇಡಿಯೇಟರ್‌ನಲ್ಲಿ ಬರಿ ನೀರು. ಗ್ಲೈಕಾಲ್ ಇರುವ ಕೂಲಂಟ್ ಚೆಲ್ಲಿದರೆ ಒಣಗುವುದಿಲ್ಲ, ಡಾಂಬರು ಸೋಪು ಹಚ್ಚಿದಂತೆ ಜಾರುತ್ತದೆ.

ಇನ್ನು ಲಾಕ್‌ವೈರ್, ಬೋಲ್ಟ್ ತಾನಾಗಿ ಕಳಚದಂತೆ ಕಟ್ಟುವ ತಂತಿ. ಡ್ರೈನ್ ಬೋಲ್ಟ್, ಆಯಿಲ್ ಹಾಕುವ ಮುಚ್ಚಳ, ಆಯಿಲ್ ಫಿಲ್ಟರ್ ಕವರ್, ಬ್ರೇಕ್ ಕ್ಯಾಲಿಪರ್ ಬೋಲ್ಟ್, ಇಷ್ಟಕ್ಕೆ ಕಡ್ಡಾಯ. ಬೋಲ್ಟ್ ತಲೆಯ ಮೂಲೆಗೆ ಪಂಚ್ ಹೊಡೆದು 1.5 ಮಿ.ಮೀ. ಬಿಟ್‌ನಿಂದ ಓರೆಯಾಗಿ ಕೊರೆಯಬೇಕು. ಆಯಿಲ್ ಹಾಕುತ್ತ, ನಿಧಾನಕ್ಕೆ. ಬಿಟ್ ಮುರಿಯುವುದು ತೂತು ಆಚೆ ಬದಿಗೆ ಹೊರಬೀಳುವ ಕ್ಷಣದಲ್ಲಿ, ಅಲ್ಲಿ ಕೈಯ ಒತ್ತಡ ಸಡಿಲಿಸಿ. ಒಂದು ಪೊಟ್ಟಣ ಬಿಟ್ ಇಟ್ಟುಕೊಂಡೇ ಕೂರಿ. 0.8 ಮಿ.ಮೀ. ಸ್ಟೇನ್‌ಲೆಸ್ ತಂತಿ ಪೋಣಿಸಿ, ಸೆಂಟಿಮೀಟರ್‌ಗೆ ಮೂರು ಸುತ್ತಿನಂತೆ ಹೆಣೆದು, ಬೋಲ್ಟನ್ನು ಬಿಗಿಯುವ ದಿಕ್ಕಿಗೆ ಎಳೆಯುವಂತೆ ಕಟ್ಟಬೇಕು. ಉಲ್ಟಾ ಕಟ್ಟಿದ ತಂತಿ ಬೋಲ್ಟ್ ಸಡಿಲಾಗುವುದನ್ನು ತಡೆಯುವುದಿಲ್ಲ, ನೋಡಲು ಮಾತ್ರ ಚೆಂದ. ಸ್ಕ್ರೂಟಿನಿಯಲ್ಲಿ ಹೆಚ್ಚು ಸಿಗುವ ತಪ್ಪು ಇದೇ. ತುದಿಯನ್ನು ಒಳಕ್ಕೆ ಮಡಚಿ, ಇಲ್ಲವಾದರೆ ಮೆಕ್ಯಾನಿಕ್ ಕೈ ಕೊಯ್ಯುತ್ತದೆ. ಒಮ್ಮೆ ಬಿಚ್ಚಿದ ತಂತಿ ಮತ್ತೆ ಬಳಸುವಂತಿಲ್ಲ.

ಇಷ್ಟು ಹಟ ಏಕೆಂದರೆ, ಮೇಲಿನ ಬಜೆಟ್‌ನ ದಿನದಲ್ಲಿ ಅಭ್ಯಾಸ, ಕ್ವಾಲಿಫೈಯಿಂಗ್, ರೇಸ್ ಎಲ್ಲ ಸೇರಿ 12 ಸೆಷನ್ (ವೇಳೆಯ ಲೆಕ್ಕ ಕೆಳಗಿದೆ). 3,63,000ವನ್ನು 12ರಿಂದ ಭಾಗಿಸಿ: ಒಂದು ಸೆಷನ್‌ಗೆ 30,250. ಒಂದು ಡ್ರೈನ್ ಬೋಲ್ಟ್ ಕಳಚಿದರೆ ಲೀಟರ್ ಆಯಿಲ್ ಟ್ರ್ಯಾಕ್ ಮೇಲೆ. ಸಿಮೆಂಟ್ ಪುಡಿ ಎರಚಿ, ಉಜ್ಜಿ, ಗುಡಿಸಿ ಮುಗಿಯುವ ಹೊತ್ತಿಗೆ ಎರಡು ಸೆಷನ್ ಹೋಗಿರುತ್ತವೆ. ಬಿದ್ದವರ ಮೈಕೈಯ ಲೆಕ್ಕ ಬೇರೆ.

ರೈಡರ್‌ಗೆ ಇಸಿಇ 22.06 ಗುರುತಿನ, ಡಬಲ್ ಡಿ ರಿಂಗ್ ಪಟ್ಟಿಯ ಫುಲ್‌ಫೇಸ್ ಹೆಲ್ಮೆಟ್, ಒಂದೇ ತುಂಡಿನ ಲೆದರ್ ಸೂಟ್ ಅಥವಾ ಸೊಂಟದ ಸುತ್ತ ಪೂರ್ತಿ ಜಿಪ್ ಇರುವ ಎರಡು ತುಂಡಿನದು, ಬೆನ್ನಿನ ಗಾರ್ಡ್, ಮಣಿಕಟ್ಟು ಮುಚ್ಚುವ ಗ್ಲೌಸ್, ಕಣಕಾಲು ಮುಚ್ಚುವ ಬೂಟು. ಹೊಸಬರಿಗೆ ಬೈಕಿಗಿಂತ ಇದೇ ಭಾರ. ಕ್ಲಬ್ ನಾಲ್ಕೈದು ಅಳತೆಯ ಸೂಟ್ ಕೊಂಡು ದಿನಬಾಡಿಗೆಗೆ ಕೊಡುವುದು ಫೀ ಇಳಿಸುವುದಕ್ಕಿಂತ ಹೆಚ್ಚು ಜನರನ್ನು ಟ್ರ್ಯಾಕ್‌ಗೆ ತರುತ್ತದೆ.

ದಿನದ ವೇಳೆ, ಅಂಕ, ತಕರಾರು

ಸ್ಕ್ರೂಟಿನಿ 7ಕ್ಕೆ, ಬ್ರೀಫಿಂಗ್ 8.30ಕ್ಕೆ, ಟ್ರ್ಯಾಕ್ 9ಕ್ಕೆ. 12 ನಿಮಿಷದ ಸೆಷನ್, 8 ನಿಮಿಷ ಬದಲಾವಣೆ, ಗಂಟೆಗೆ ಮೂರು. ಮೂರು ಗುಂಪಿಗೆ ಅಭ್ಯಾಸ, ಕ್ವಾಲಿಫೈಯಿಂಗ್, ಎರಡು ರೇಸ್ ಎಂದರೆ 12 ಸೆಷನ್, ನಾಲ್ಕು ಗಂಟೆ. ಊಟ ಬಿಟ್ಟು ಐದರವರೆಗೆ ಏಳು ಗಂಟೆ ಸಿಗುತ್ತದೆ. ಉಳಿದ ಮೂರು ಗಂಟೆಗೆ ಇನ್ನೊಂದು ಕ್ಲಾಸ್ ತುರುಕಬೇಡಿ. ಕೆಂಪು ಬಾವುಟಕ್ಕೆ, ಆಯಿಲ್ ಸ್ವಚ್ಛತೆಗೆ, ಮಳೆಗೆ ಅದು ಬೇಕೇ ಬೇಕು.

ಅಂಕ ಅಂತರರಾಷ್ಟ್ರೀಯ ಪದ್ಧತಿಯದೇ ಇರಲಿ: 25, 20, 16, 13, 11, 10ರಿಂದ ಒಂದೊಂದೇ ಇಳಿದು 15ನೇಯವರಿಗೆ 1. ಆದರೆ ಎಂಟು ರೇಸ್‌ಗಳಲ್ಲಿ ಅತ್ಯುತ್ತಮ ಆರನ್ನಷ್ಟೇ ಎಣಿಸಿ. ಒಂದು ಸುತ್ತಿಗೆ ಬರಲಾಗದವರು, ಒಮ್ಮೆ ಬಿದ್ದವರು ಸೀಸನ್ನೇ ಕೈಬಿಟ್ಟು ಹೋಗುವುದಿಲ್ಲ. ಮೂರನೇ ಸುತ್ತಿಗೆ ಗ್ರಿಡ್ ಖಾಲಿಯಾಗದೆ ಇರಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ತಕರಾರು ಲಿಖಿತವಾಗಿ, ಫಲಿತಾಂಶ ಅಂಟಿಸಿದ 30 ನಿಮಿಷದೊಳಗೆ, 5,000 ಠೇವಣಿಯೊಂದಿಗೆ. ಆ ಅರ್ಧ ಗಂಟೆ ಮೊದಲ ಐದು ಬೈಕ್‌ಗಳು ಹಗ್ಗ ಕಟ್ಟಿದ ಜಾಗದಲ್ಲೇ ನಿಂತಿರಬೇಕು, ಮಾಲೀಕರೂ ಮುಟ್ಟುವಂತಿಲ್ಲ. ಎಂಜಿನ್ ಬಿಚ್ಚಿಸಿ ನೋಡಿ ಎಲ್ಲ ಸರಿ ಇದ್ದರೆ ಠೇವಣಿ ಬೈಕ್‌ನವರಿಗೆ, ಗ್ಯಾಸ್ಕೆಟ್ ಮತ್ತು ಕೂಲಿಗಾಗಿ. ತಪ್ಪಿದ್ದರೆ ದೂರು ಕೊಟ್ಟವರಿಗೆ ವಾಪಸ್, ಬೈಕ್‌ನವರಿಗೆ ಆ ದಿನದ ಎರಡೂ ರೇಸ್‌ನ ಅಂಕ ಇಲ್ಲ. ತೀರ್ಪು ಕೊಡುವವರಲ್ಲಿ ಆ ಕ್ಲಾಸ್‌ನಲ್ಲಿ ಓಡಿಸುವವರು ಯಾರೂ ಇರಬಾರದು, ಅವರು ಕ್ಲಬ್ಬಿನ ಅಧ್ಯಕ್ಷರೇ ಆಗಿದ್ದರೂ.

ನಿಯಮ ಮೊದಲ ಸುತ್ತಿಗೆ 60 ದಿನ ಮುಂಚೆ ಮುದ್ರಣವಾಗಿರಲಿ. ಆಮೇಲೆ ಸೀಸನ್ ಮುಗಿಯುವವರೆಗೆ ಸುರಕ್ಷತೆಯ ವಿಷಯ ಬಿಟ್ಟು ಒಂದು ಪದವೂ ಬದಲಾಗಬಾರದು. ಸುರಕ್ಷತೆಯದಾದರೆ ನಂಬರ್ ಹಾಕಿದ, ದಿನಾಂಕವಿರುವ ಬುಲೆಟಿನ್ ಮೂಲಕ ಮಾತ್ರ. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಕೊಡುತ್ತೀರಾದರೆ, ಅರ್ಥ ವ್ಯತ್ಯಾಸ ಬಂದಾಗ ಯಾವುದು ಮಾನ್ಯ ಎಂಬುದನ್ನು ಮೊದಲ ಪುಟದಲ್ಲೇ ಬರೆಯಿರಿ. ಸುತ್ತು ಮುಗಿದ ಹತ್ತು ದಿನದೊಳಗೆ ಬಿಲ್‌ಗಳ ಸಮೇತ ಜಮಾಖರ್ಚನ್ನು ಎಲ್ಲ ರೈಡರ್‌ಗಳಿಗೂ ಕಳಿಸಿ.